ಕಸುಬಿನ ಲೋಹವೂ ಕಸುಬಿನವನ ಗುಂಡಿಗೆಯೂ

ಕಾರ್ಖಾನೆ ಎಂದೊಡನೆ ಎತ್ತರದ ಹೊಗೆಕೊಳವೆಯೂ ನೂರಾರು ಆಳುಗಳೂ ನಮ್ಮ ಕಣ್ಣಮುಂದೆ ನಿಲ್ಲುವುದು ಸಹಜ. ಆದರೆ ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರುಗಳಂತಹ ಪೇಟೆಗಳಲ್ಲಿ ಲೋಹದ ಕೆಲಸ ನಡೆಯುವುದು ಬಹುಮಟ್ಟಿಗೆ ತಗಡಿನ ಮಾಡಿನ ಕೆಳಗೆ. ಒಬ್ಬನು ಟ್ರೇಲರಿಗೆ ಬೆಸುಗೆ ಹಾಕುವನು. ಇನ್ನೊಬ್ಬನು ಹಳೆಯ ಬ್ಯಾಟರಿ ಬಿಚ್ಚಿ ಸೀಸದ ಫಲಕಗಳನ್ನು ತೆಗೆಯುವನು. ಮತ್ತೊಬ್ಬನು ಪಾತ್ರೆಗೆ ಕಲಾಯಿ ಹಾಕುವನು, ಆತನ ತವರದಲ್ಲಿಯೂ ಸೀಸ ಬೆರೆತಿರುವುದುಂಟು. 1948ರ ಕಾರ್ಖಾನೆ ಕಾಯ್ದೆಯು ಸೀಸದ ವಿಷಬಾಧೆಯನ್ನು ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಆದರೆ ಯಂತ್ರಶಕ್ತಿಯಿಂದ ನಡೆಯುವ ಕಡೆ ಹತ್ತು ಮಂದಿಯಾದರೂ ದುಡಿಯುತ್ತಿದ್ದರೆ ಮಾತ್ರ ಅದನ್ನು ಸಾಮಾನ್ಯವಾಗಿ ಕಾರ್ಖಾನೆಯೆಂದು ಎಣಿಸಿತು. ಇಬ್ಬರು ದುಡಿಯುವ ಅಂಗಡಿಯ ಸೀಸವೇನು ಸಾಧುವೆ?

ಸೀಸದಿಂದ ಹೊಟ್ಟೆನೋವು, ರಕ್ತಹೀನತೆ, ನರಗಳ ದೌರ್ಬಲ್ಯ ಬರುವುವೆಂಬುದು ಹಳೆಯ ತಿಳಿವಳಿಕೆ. ಹೃದಯಕ್ಕೂ ಅದಕ್ಕೂ ಇರುವ ನಂಟು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ದೇಹದೊಳಗೆ ಸೀಸವು ಕ್ಯಾಲ್ಸಿಯಂನ ವೇಷದಲ್ಲಿ ಓಡಾಡುವುದು. ರಕ್ತದಲ್ಲಿರುವ ಸೀಸವು ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೂಳೆಯನ್ನು ಹೊಕ್ಕ ಸೀಸವಾದರೋ ಹತ್ತಾರು ವರ್ಷ ಅಲ್ಲಿಯೇ ಮನೆಮಾಡಿಕೊಂಡು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಹಿಂದಿರುಗುವುದು. ಕಸುಬು ಬಿಟ್ಟವನನ್ನೂ ಅದು ಬಿಡದು. ರಕ್ತನಾಳಗಳು ಸಡಿಲಗೊಳ್ಳುವ ಶಕ್ತಿಯನ್ನು ಕುಗ್ಗಿಸಿ, ಮೂತ್ರಪಿಂಡಗಳನ್ನು ಕೆಡಿಸಿ, ಎರಡು ದಾರಿಯಿಂದಲೂ ರಕ್ತದ ಒತ್ತಡವನ್ನು ಏರಿಸುತ್ತದೆ. ಒತ್ತಡ ಏರಿದವನಿಗೆ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ. ಎಂದಿನಂತೆ ಸುತ್ತಿಗೆ ಹಿಡಿಯುವನು. ಒಂದು ದಿನ ಎದೆ ಹಿಡಿದುಕೊಂಡು ಕುಸಿದಾಗ ಮನೆಯವರು ವಯಸ್ಸನ್ನೋ ಚಿಂತೆಯನ್ನೋ ಬೀಡಿಯನ್ನೋ ದೂರುವರು. ಬೀಡಿಯೂ ನಿರಪರಾಧಿಯಲ್ಲವೆನ್ನಿ. ಹೊಗೆಸೊಪ್ಪಿನಲ್ಲಿ ಕ್ಯಾಡ್ಮಿಯಂ ಎಂಬ ಲೋಹವಿದೆ. ಅದೂ ರಕ್ತನಾಳಗಳ ವೈರಿಯೇ.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಮೆರಿಕೆಯಲ್ಲಿ ದುಡಿಯುವ ಲ್ಯಾಟಿನ್ ಅಮೆರಿಕ ಮೂಲದ 7,404 ಮಂದಿಯನ್ನು ಪರೀಕ್ಷಿಸಿತು. ಕೆಲಸದಲ್ಲಿ ಲೋಹಗಳ ಸಂಪರ್ಕವಿದ್ದವರಲ್ಲಿ ಹೃದಯದ ಬಡಿತ ತಾಳತಪ್ಪುವ ರೋಗವೊಂದು ಉಳಿದವರ ಸುಮಾರು ನಾಲ್ಕರಷ್ಟೂ, ಕೀಟನಾಶಕಗಳ ಸಂಪರ್ಕವಿದ್ದವರಲ್ಲಿ ಹೃದ್ರೋಗವು ಸುಮಾರು ಎರಡರಷ್ಟೂ ಕಂಡುಬಂದವು. ಒಂದೇ ಕಾಲದಲ್ಲಿ ತೆಗೆದ ಲೆಕ್ಕದಿಂದ ಕಾರಣವನ್ನು ಸಾಧಿಸಲಾಗದು, ನಿಜ. ಆದರೆ 2023ರಲ್ಲಿ ಅಮೆರಿಕದ ಹೃದಯ ಸಂಘವೂ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳನ್ನು ಹೃದ್ರೋಗದ ಅಪಾಯಗಳಲ್ಲಿ ಎಣಿಸಿತು. ಬೆಳಗ್ಗೆ ಹೊಲಕ್ಕೆ ಎಣ್ಣೆ ಹೊಡೆದು ಬಂದು ಮಧ್ಯಾಹ್ನ ಬೆಸುಗೆಗೆ ಕೂರುವ ನಮ್ಮ ರೈತನಿಗೆ ಎರಡು ಬಾಧೆಗಳೂ ಒಟ್ಟಿಗೆ ತಗಲುವುವು.

2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸವನ್ನು ಹೊರಹಾಕಲಾಯಿತು. ಹೆದ್ದಾರಿಯ ಹೊಗೆಗೆ ಆ ಭಾಗ್ಯ ದೊರೆಯಿತು. ಹೆದ್ದಾರಿಯ ಬದಿಯ ಅಂಗಡಿಗೆ ದೊರೆಯಲಿಲ್ಲ. ಅಲ್ಲಿ ಮಾಡತಕ್ಕದ್ದನ್ನು ದುಡಿಯುವವರೂ ಯಜಮಾನರೂ ಸೇರಿಯೇ ಮಾಡಬೇಕು. ಸೀಸವನ್ನು ಮುಚ್ಚಿದ ಕೋಣೆಯಲ್ಲಿ ಕರಗಿಸಬಾರದು. ಧೂಳನ್ನು ಒಣಗಿದಂತೆಯೇ ಗುಡಿಸದೆ ನೀರು ಚಿಮುಕಿಸಿ ಒರೆಸಬೇಕು. ಬುತ್ತಿ ಬಿಚ್ಚುವ ಮುನ್ನ, ಎಲೆಯಡಕೆ ಬಾಯಿಗೆ ಹಾಕುವ ಮುನ್ನ, ಸಾಬೂನಿನಿಂದ ಕೈ ತೊಳೆಯಬೇಕು. ಸವಣೂರಿನ ಎಲೆ ಎಷ್ಟೇ ರುಚಿಯಾಗಿರಲಿ, ಸೀಸದ ಕೈಯಿಂದ ಮಡಿಸಿದರೆ ಸೀಸವೂ ಒಳಗೆ ಹೋಗುವುದು. ಮುಖಕ್ಕೆ ಕಟ್ಟುವ ವಸ್ತ್ರದಿಂದ ಬೆಸುಗೆಯ ಹೊಗೆ ನಿಲ್ಲದು. ಅದರ ಕಣಗಳು ಬಟ್ಟೆಯ ಸಂದಿಗಿಂತ ಸಣ್ಣವು. ಕೆಲಸದ ಅಂಗಿಯನ್ನು ಅಂಗಡಿಯಲ್ಲಿಯೇ ಕಳಚಿಟ್ಟರೆ ಮನೆಯ ಮಕ್ಕಳಿಗೂ ಕ್ಷೇಮ.

ವೈದ್ಯರಲ್ಲಿಗೆ ಹೋದಾಗ ರಕ್ತದ ಒತ್ತಡವನ್ನು ಅಳೆಯಿಸಿಕೊಂಡು, ಅವರು ಕೇಳದಿದ್ದರೂ ತನ್ನ ಕಸುಬು ಯಾವುದು, ಎಷ್ಟು ವರ್ಷದಿಂದ ಎಂಬುದನ್ನು ಹೇಳಬೇಕು. ರಕ್ತದಲ್ಲಿ ಸೀಸವೆಷ್ಟೆಂದು ನೋಡುವ ಪರೀಕ್ಷೆ ಸಾಧಾರಣ ರಕ್ತಪರೀಕ್ಷೆಯಲ್ಲಿ ಸೇರಿರುವುದಿಲ್ಲ. ಅದನ್ನು ಬೇರೆಯಾಗಿ ಕೇಳಿಯೇ ಮಾಡಿಸಬೇಕು.