ಕರುಳಿನ ಆಪರೇಷನ್ ಆದ ಮೇಲೆ ಊರಿನ ರೈಲು ಹತ್ತುವ ಅವಸರ ಬೇಡ

ಧಾರಾವಿಯ 90 ಫೀಟ್ ರೋಡ್, 60 ಫೀಟ್ ರೋಡ್, ಕುಂಭಾರವಾಡದ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ದೊಡ್ಡಾಸ್ಪತ್ರೆ ಎಂದರೆ ಸಯನ್. ಕಾಗದಪತ್ರಗಳಲ್ಲಿ ಅದು ಮನಪಾದ ಲೋಕಮಾನ್ಯ ತಿಲಕ್ ಆಸ್ಪತ್ರೆ, ಜನರ ಬಾಯಲ್ಲಿ ಬರೇ ಸಯನ್. ಅಪೆಂಡಿಕ್ಸ್ ಒಡೆದವರು, ಟೈಫಾಯ್ಡ್ ಅಥವಾ ಕ್ಷಯದಿಂದ ಕರುಳು ತೂತಾದವರು, ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡವರು ಇಂತಹ ಆಸ್ಪತ್ರೆಗಳಲ್ಲಿ ಆಪರೇಷನ್ ಮುಗಿಸಿ ಕೆಲವೇ ದಿನಗಳಲ್ಲಿ ಮನೆಗೆ ಬರುತ್ತಾರೆ. ಮನೆ ಎಂದರೆ ಹತ್ತಡಿಯ ಖೋಲಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ರೋಗಿಯನ್ನು ನೋಡಿಕೊಳ್ಳಲು ಜನರಿಲ್ಲ. ಹಾಗಾಗಿ ಕಲಬುರಗಿ, ರಾಯಚೂರು ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ, ಕರಾವಳಿಯವರು ಮತ್ಸ್ಯಗಂಧಕ್ಕೆ ಟಿಕೆಟ್ ತೆಗೆಸುತ್ತಾರೆ. ಊರಲ್ಲಿ ಅಮ್ಮನೋ ಅತ್ತೆಯೋ ನೋಡಿಕೊಳ್ಳುತ್ತಾರೆ ಎಂಬ ಧೈರ್ಯ.

ತೊಡಕು ಇರುವುದು ಇಲ್ಲಿಯೇ. ಆಪರೇಷನ್ನಿನ ಗಾಯ ಕೀವಾಗುವುದು ಸಾಮಾನ್ಯವಾಗಿ ಐದರಿಂದ ಹತ್ತನೆಯ ದಿನದೊಳಗೆ. ಆದರೂ ವೈದ್ಯರು 30 ದಿನಗಳವರೆಗೆ ಲೆಕ್ಕ ಇಡುತ್ತಾರೆ. ಅಂದರೆ ಬಹಳಷ್ಟು ಸೋಂಕು ಕಾಣಿಸಿಕೊಳ್ಳುವುದು ಡಿಸ್ಚಾರ್ಜ್ ಆದ ಬಳಿಕ, ಕೊಯ್ದ ವೈದ್ಯರ ಕಣ್ಣಿನಿಂದ ದೂರವಾದ ಮೇಲೆ.

ಕೈಕಾಲಿನ ಆಪರೇಷನ್ನಿಗೂ ಕರುಳಿನದ್ದಕ್ಕೂ ವ್ಯತ್ಯಾಸ ಇದೆ. ಕರುಳಿನೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಸದಾ ಇರುತ್ತವೆ, ಅಲ್ಲಿದ್ದರೆ ತೊಂದರೆ ಇಲ್ಲ. ಕರುಳನ್ನು ತೆರೆದಾಗ ಅವು ಹೊರಬಂದು ಹೊಟ್ಟೆಯ ಗೋಡೆಯ ಗಾಯಕ್ಕೆ ಅಂಟುತ್ತವೆ. ಕರುಳು ಒಳಗೇ ಒಡೆದು ಹೊಟ್ಟೆ ತುಂಬ ಕೊಳೆಯಾಗಿದ್ದರೆ ಅಪಾಯ ಇನ್ನೂ ಹೆಚ್ಚು. 66 ದೇಶಗಳ 343 ಆಸ್ಪತ್ರೆಗಳಲ್ಲಿ ಜಠರ, ಕರುಳುಗಳ ಆಪರೇಷನ್ ಆದ 12,539 ಮಂದಿಯ ಲೆಕ್ಕ 2018ರಲ್ಲಿ ಪ್ರಕಟವಾಯಿತು. ಮುಂದುವರಿದ ದೇಶಗಳಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಗಾಯದ ಸೋಂಕು ತಗಲಿತ್ತು, ನಡುವಿನ ದೇಶಗಳಲ್ಲಿ 14, ತೀರ ಹಿಂದುಳಿದ ದೇಶಗಳಲ್ಲಿ 23. ಹಾಗೆ ಕೀವಾದ ಗಾಯ ವಾರಗಟ್ಟಲೆ ಡ್ರೆಸ್ಸಿಂಗ್ ಬೇಡುತ್ತದೆ. ಮುಂದೆ ಅದೇ ಜಾಗದಲ್ಲಿ ಹರ್ನಿಯಾ ಉಬ್ಬುವ ಸಂಭವವೂ ಹೆಚ್ಚು. ಹೊರೆ ಹೊರುವವರಿಗೆ, ಕಟ್ಟಡ ಕೆಲಸದವರಿಗೆ ಇದೆಂದರೆ ಅನ್ನದ ಪ್ರಶ್ನೆ.

ಹಾಗಾದರೆ ದುಬಾರಿ ಔಷಧವೇ ಬೇಕೆ? ಅನುಭವ ಬೇರೆಯೇ ಹೇಳುತ್ತದೆ. ಭಾರತವೂ ಸೇರಿ ಏಳು ದೇಶಗಳಲ್ಲಿ ನಡೆದ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿದೆ. 2021ರ ಮೊದಲನೆಯದರಲ್ಲಿ ಔಷಧ ಲೇಪಿಸಿದ ದುಬಾರಿ ದಾರದಿಂದ ಹೊಲಿದರೂ, ಬೆಲೆ ಹೆಚ್ಚಿನ ದ್ರಾವಣದಿಂದ ಚರ್ಮ ಒರೆಸಿದರೂ, ಮಾಮೂಲಿ ದಾರ ಮತ್ತು ಅಯೋಡಿನ್‌ಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. 2022ರ ಎರಡನೆಯದರಲ್ಲಿ ವೈದ್ಯರು ಮಾಡಿದ್ದು ಬಲು ಸರಳ: ಹೊಟ್ಟೆಯ ಗಾಯ ಮುಚ್ಚುವ ಮೊದಲು ಎಲ್ಲರೂ ಕೈಗವಸು ಬದಲಿಸಿದರು, ಶುದ್ಧ ಸಲಕರಣೆ ತೆಗೆದುಕೊಂಡರು. ಕರುಳು ಮುಟ್ಟಿದ ಕೈಯಿಂದಲೇ ಚರ್ಮ ಹೊಲಿಯಬಾರದು ಎಂಬುದಷ್ಟೇ ಇದರ ತಿರುಳು. ಸೋಂಕು ನೂರಕ್ಕೆ 19ರಿಂದ 16ಕ್ಕೆ ಇಳಿಯಿತು. ಎಂಜಲು, ಮಡಿ ಎಂದು ಪಾತ್ರೆ ಬೇರೆ ಇಡುವ ನಮ್ಮ ಅಜ್ಜಿಯಂದಿರಿಗೆ ಇದು ಹೊಸದೆನಿಸಲಿಕ್ಕಿಲ್ಲ!

ಅದು ವೈದ್ಯರ ಪಾಲಿನ ಕೆಲಸ. ರೋಗಿಯ ಪಾಲಿನದ್ದೂ ಸಾಕಷ್ಟಿದೆ. ಮೊದಲನೆಯದು, ತಡ ಮಾಡದೆ ಆಸ್ಪತ್ರೆ ಸೇರುವುದು. ಹೊಟ್ಟೆ ನೋವೆಂದರೆ ಬಟ್ಟಿ ಜಾರಿದೆ ಎಂದು ತಿಕ್ಕಿಸುವವರು, ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ಎರಡು ದಿನ ನೂಕುವವರು ನಮ್ಮಲ್ಲಿ ಈಗಲೂ ಇದ್ದಾರೆ. ನೋವು ಬಿಡದೆ ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ, ಜ್ವರ, ವಾಂತಿ ಸೇರಿಕೊಂಡರೆ ಒಂದು ಗಂಟೆಯೂ ಕಾಯಬಾರದು.

ದಿನ ನಿಗದಿಯಾದ ಆಪರೇಷನ್ನಾದರೆ ತಯಾರಿಗೆ ಸಮಯ ಸಿಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಬೀಡಿ ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಲಿ. ಹಿಂದಿನ ದಿನ ಅಥವಾ ಅದೇ ದಿನ ಬೆಳಿಗ್ಗೆ ಸಾಬೂನು ಹಚ್ಚಿ ಸ್ನಾನ ಮಾಡಬೇಕು. ಮನೆಯಲ್ಲೇ ಬ್ಲೇಡಿನಿಂದ ಹೊಟ್ಟೆಯ ಕೂದಲು ಬೋಳಿಸಿಕೊಂಡು ಬರುವುದು ಬೇಡ. ಬ್ಲೇಡು ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲೇ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಕೂದಲು ತೆಗೆಯಲೇಬೇಕಾದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಿಂದ ಕತ್ತರಿಸಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೆಲಸ ಮಾಡುವುದು ಕೊಯ್ಯುವ ಮುನ್ನ, ಎರಡು ಗಂಟೆಯೊಳಗೆ ಕೊಟ್ಟಾಗ. ಒಳಗೆ ಮೊದಲೇ ಸೋಂಕು ಇದ್ದವರಿಗೆ ಮಾತ್ರ ಮುಂದೆಯೂ ಕೆಲವು ದಿನ ಔಷಧ ಇರುತ್ತದೆ, ಅದನ್ನು ವೈದ್ಯರು ಹೇಳಿದಷ್ಟು ದಿನ ಪೂರ್ತಿ ಮಾಡಬೇಕು. ಉಳಿದವರು "ಇನ್ನೂ ಸ್ಟ್ರಾಂಗ್ ಬರೆಯಿರಿ ಡಾಕ್ಟ್ರೇ" ಎಂದು ಒತ್ತಾಯಿಸಿದರೆ ಜೇಬು ಖಾಲಿಯೇ ಹೊರತು ಗಾಯಕ್ಕೆ ಲಾಭವಿಲ್ಲ.

ಮನೆಗೆ ಬಂದ ಮೇಲೆ ಶುರುವಾಗುವುದು ಪಥ್ಯದ ಕಾಟ. ಬೇಳೆ ತಿಂದರೆ ಕೀವು, ಮೊಟ್ಟೆ ಮೀನು ನಂಜು, ಹಾಲು ಬೇಡ ಎಂದು ಹದಿನೈದು ದಿನ ಗಂಜಿಯಲ್ಲೇ ಇಡುತ್ತಾರೆ. ಗಾಯ ಕೂಡಿಕೊಳ್ಳಲು ಬೇಕಾದ ಪ್ರೋಟೀನ್ ಇರುವುದು ಅದೇ ಬೇಳೆ, ಮೊಟ್ಟೆ, ಮೀನು, ಹಾಲಿನಲ್ಲಿ. ವೈದ್ಯರು ಊಟಕ್ಕೆ ಒಪ್ಪಿಗೆ ಕೊಟ್ಟ ಬಳಿಕ ಇವನ್ನು ಧಾರಾಳವಾಗಿ ಕೊಡಬಹುದು. ಪ್ರೀತಿಯಿಂದ ಮಾಡುವ ಉಪವಾಸಕ್ಕಿಂತ ಒಂದು ಬಟ್ಟಲು ಬೇಳೆ ಮೇಲು. ಗಾಯಕ್ಕೆ ಅರಿಸಿನ, ಕೊಬ್ಬರಿ ಎಣ್ಣೆ, ಪೌಡರು, ವಿಭೂತಿ ಯಾವುದೂ ಬೇಡ. ಮುಟ್ಟುವ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು. ನೋಡಲು ಬಂದ ನೆಂಟರು ಬಟ್ಟೆ ಸರಿಸಿ ಹೊಲಿಗೆ ಎಣಿಸುವ ಅಗತ್ಯವಿಲ್ಲ.

ದಿನಕ್ಕೊಮ್ಮೆ ಮನೆಯವರೊಬ್ಬರು ಬೆಳಕಿನಲ್ಲಿ ಗಾಯ ನೋಡಲಿ. ನೋವು ಕಡಿಮೆಯಾಗುವ ಬದಲು ಹೆಚ್ಚುವುದು, ಸುತ್ತ ಕೆಂಪಾಗಿ ಬಿಸಿಯಾಗುವುದು, ಕೀವು, ದುರ್ವಾಸನೆ, ಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಗಾಯದಿಂದ ಒಮ್ಮೆಗೇ ಗುಲಾಬಿ ಬಣ್ಣದ ನೀರು ಸುರಿದರೆ ಒಳಗಿನ ಹೊಲಿಗೆ ಬಿಟ್ಟಿರಬಹುದು. ಮಲದಂತಹ ದ್ರವ ಬಂದರೆ ಕರುಳೇ ಸೋರುತ್ತಿರಬಹುದು. ಶುದ್ಧ ಬಟ್ಟೆ ಮುಚ್ಚಿ ಕೂಡಲೇ ಹೊರಡಬೇಕು.

ಆದ್ದರಿಂದ ಹೊಲಿಗೆ ಬಿಚ್ಚುವವರೆಗಾದರೂ ಮುಂಬಯಿಯಲ್ಲೇ ಇರುವುದು ಒಳ್ಳೆಯದು. ನಮ್ಮ ಸಂಘಗಳು ಆಪರೇಷನ್ನಿಗೆ ಚೆಕ್ಕು ಕೊಡುತ್ತವೆ, ಚಿತ್ರವೂ ಪತ್ರಿಕೆಯಲ್ಲಿ ಬರುತ್ತದೆ. ಒಳ್ಳೆಯ ಕೆಲಸವೇ. ಅದರ ಜೊತೆಗೆ ಮರಾಠಿ, ಇಂಗ್ಲಿಷ್ ಬಲ್ಲ ಒಬ್ಬ ಕಾರ್ಯಕರ್ತ ಡಿಸ್ಚಾರ್ಜ್ ದಿನ ಜೊತೆಗಿದ್ದು, ಕಾರ್ಡಿನಲ್ಲಿರುವುದನ್ನು ಕನ್ನಡದಲ್ಲಿ ತಿಳಿಸಿ ಹೇಳಿದರೆ, ಎರಡು ವಾರ ದಿನಕ್ಕೊಮ್ಮೆ ಫೋನು ಮಾಡಿ ವಿಚಾರಿಸಿದರೆ ಚೆಕ್ಕಿನಷ್ಟೇ ಉಪಕಾರ. ಊರಿಗೆ ಹೋಗಲೇಬೇಕಾದವರು ಡಿಸ್ಚಾರ್ಜ್ ಕಾರ್ಡಿನ ಮೂಲಪ್ರತಿಯನ್ನು ಕೈಯಲ್ಲೇ ಇಟ್ಟುಕೊಂಡು, ಝೆರಾಕ್ಸ್ ಒಂದನ್ನು ಖೋಲಿಯಲ್ಲಿ ಬಿಟ್ಟು ಹೊರಡಲಿ. ಏನು ಆಪರೇಷನ್, ಯಾವ ದಿನ, ಯಾವ ಔಷಧ ಎಂದು ತಿಳಿದರೆ ತಾಲೂಕು ಆಸ್ಪತ್ರೆಯ ವೈದ್ಯರು ಅಲ್ಲಿಂದಲೇ ಚಿಕಿತ್ಸೆ ಮುಂದುವರಿಸಬಹುದು.