ಇಂಗ್ಲಿಷ್ ಶಬ್ದಭಂಡಾರಕ್ಕೆ ಕನ್ನಡದ ಕೀಲಿಕೈ

ಕಾಸರಗೋಡು ಸೀಮೆಯ ನಮ್ಮ ಮಕ್ಕಳು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಹವ್ಯಕ ಕನ್ನಡವನ್ನೋ ಆಡುತ್ತಾರೆ. ಶಾಲೆಯಲ್ಲಿ ಕನ್ನಡವನ್ನು ಓದುತ್ತಾರೆ. ಪೇಟೆಗೂ ಕಛೇರಿಗೂ ಹೋದಾಗ ಮಲಯಾಳದಲ್ಲಿ ವ್ಯವಹರಿಸುತ್ತಾರೆ. ಇಷ್ಟು ಭಾಷೆಗಳ ನಡುವೆ ಬೆಳೆದ ಮಗುವೇ ಹತ್ತನೆಯ ತರಗತಿಯನ್ನು ದಾಟಿ ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ಕುಳಿತಾಗ ‘ನನಗೆ ಶಬ್ದಗಳೇ ಸಾಲುವುದಿಲ್ಲ’ ಎಂದು ಕಂಗಾಲಾಗುವುದುಂಟು. ‘ಕನ್ನಡ ಶಾಲೆಗೆ ಸೇರಿಸಿದ್ದೇ ತಪ್ಪಾಯಿತೇ ಮಾಸ್ಟ್ರೇ?’ ಎಂದು ತಾಯಿತಂದೆಯರು ಕೇಳುವುದು ಆಗಲೇ. ಇಲ್ಲ ಎಂಬುದೇ ನನ್ನ ಉತ್ತರ. ಆದರೆ ಕಾರಣವನ್ನು ಕೊಡದೆ ಹೇಳಿದ ಉತ್ತರಕ್ಕೆ ಬೆಲೆಯಿಲ್ಲ. ಆದುದರಿಂದ ಈ ಲೇಖನ.

ನರ್ಸಿಂಗ್ ಕಲಿತು ಬ್ರಿಟನ್ನಿಗೆ ಹೋಗಬಯಸುವ ನಮ್ಮ ಹೆಣ್ಣುಮಕ್ಕಳು ಬರೆಯುವ ಐ.ಇ.ಎಲ್.ಟಿ.ಎಸ್. ಪರೀಕ್ಷೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಬರವಣಿಗೆಯ ಭಾಗಕ್ಕೆ 60 ನಿಮಿಷ. ಮೊದಲನೆಯದರಲ್ಲಿ ಒಂದು ನಕ್ಷೆಯನ್ನೋ ಅಂಕಿಗಳ ಕೋಷ್ಟಕವನ್ನೋ ಕನಿಷ್ಠ 150 ಶಬ್ದಗಳಲ್ಲಿ ವಿವರಿಸಬೇಕು. ಎರಡನೆಯದು ಕನಿಷ್ಠ 250 ಶಬ್ದಗಳ ಪ್ರಬಂಧ, ಅದಕ್ಕೆ ಇಮ್ಮಡಿ ತೂಕ. ಒಂಬತ್ತರ ಮಾನದಲ್ಲಿ ಅಂಕಗಳನ್ನು ಕೊಡುತ್ತಾರೆ. ಬ್ರಿಟನ್ನಿನ ನರ್ಸಿಂಗ್ ನೋಂದಣಿಗೆ ಬರವಣಿಗೆಯಲ್ಲಿ ಬೇಕಾದ ಅಂಕವನ್ನು 2018ರ ಕೊನೆಯಲ್ಲಿ 7ರಿಂದ 6.5ಕ್ಕೆ ಇಳಿಸಲಾಯಿತು. ಉಳಿದ ಭಾಗಗಳಿಗೆ 7 ಹಾಗೆಯೇ ಉಳಿಯಿತು. ಬರವಣಿಗೆಯೇ ಹೆಚ್ಚು ಮಂದಿಯನ್ನು ಎಡವಿಸುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನಾಲ್ಕು ಅಳತೆಗೋಲುಗಳಿಂದ ಬರವಣಿಗೆಯನ್ನು ಅಳೆಯುತ್ತಾರೆ; ಅವುಗಳಲ್ಲಿ ಒಂದು, ಅಂದರೆ ಕಾಲು ಪಾಲು, ಶಬ್ದಸಂಪತ್ತಿಗೆ ಮೀಸಲು.

ಇದನ್ನು ಕೇಳಿದೊಡನೆ ಮಕ್ಕಳು ದೊಡ್ಡ ದೊಡ್ಡ ಶಬ್ದಗಳ ಪಟ್ಟಿಯನ್ನು ಕೊಂಡು ತಂದು ಉರುಹೊಡೆಯತೊಡಗುತ್ತಾರೆ. ಅಂತಹ ಪಟ್ಟಿಗಳ ವ್ಯಾಪಾರವೂ ಚೆನ್ನಾಗಿ ನಡೆಯುತ್ತಿದೆ. ಪರೀಕ್ಷಕರು ನೋಡುವುದಾದರೋ ಶಬ್ದ ಎಷ್ಟು ದೊಡ್ಡದೆಂಬುದನ್ನಲ್ಲ, ಅದು ತನ್ನ ಸ್ಥಾನದಲ್ಲಿ, ತನ್ನ ಸಂಗಡಿಗರೊಡನೆ ಕುಳಿತಿದೆಯೇ ಎಂಬುದನ್ನು. ಕಂಠಪಾಠ ಮಾಡಿ ತಂದ ವಾಕ್ಯಗಳಿಂದ ಅಂಕ ಹೆಚ್ಚುವುದಿಲ್ಲ, ಕಳೆಯುತ್ತದೆ.

ಹಾಗಾದರೆ ಯಾವ ಶಬ್ದಗಳು ಬೇಕು? ಇಂಗ್ಲಿಷಿನ ಅತ್ಯಗತ್ಯವಾದ ಸುಮಾರು 2000 ಶಬ್ದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದವರು ಮೈಕೇಲ್ ವೆಸ್ಟ್. ಇವರು ಬ್ರಿಟಿಷರ ಕಾಲದಲ್ಲಿ ಢಾಕಾದ ಉಪಾಧ್ಯಾಯ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದು, ಬಂಗಾಳಿ ಮಕ್ಕಳ ಓದನ್ನು ಕಂಡು ಕಲಿಸುವ ಮಾರ್ಗವನ್ನು ರೂಪಿಸಿದವರು. (ಪರದೇಶದ ವಿದ್ವಾಂಸರೆಂದು ನಾವು ಹೊಗಳುವವರಲ್ಲಿ ಕೆಲವರಿಗೆ ನಮ್ಮ ಮಕ್ಕಳೇ ಗುರುಗಳಾಗಿದ್ದರೆಂಬುದನ್ನು ಮರೆಯುವಂತಿಲ್ಲ.) ಮುಂದೆ 2000ನೆಯ ಇಸವಿಯಲ್ಲಿ ನ್ಯೂಜಿಲೆಂಡಿನ ಏವ್ರಿಲ್ ಕಾಕ್ಸ್‌ಹೆಡ್ ಎಂಬ ಮಹಿಳೆ ಸುಮಾರು 35 ಲಕ್ಷ ಶಬ್ದಗಳಷ್ಟು ಶಾಸ್ತ್ರೀಯ ಬರವಣಿಗೆಯನ್ನು ಶೋಧಿಸಿ, ಆ 2000ದ ಆಚೆಗೆ ಎಲ್ಲ ಶಾಸ್ತ್ರಗಳಲ್ಲೂ ಮತ್ತೆ ಮತ್ತೆ ಬರುವ 570 ಶಬ್ದಕುಟುಂಬಗಳನ್ನು ಆಯ್ದರು. ಅಂತಹ ಬರವಣಿಗೆಯಲ್ಲಿ ಮೊದಲಿನ 2000ದ ಪಾಲು ಸುಮಾರು ನೂರಕ್ಕೆ 76, ಈ 570ರ ಪಾಲು ನೂರಕ್ಕೆ 10. ಮೊದಲನೆಯದು ಗಟ್ಟಿಯಾಗದೆ ಎರಡನೆಯದಕ್ಕೆ ಹಾರುವುದು ಪಂಚಾಂಗವಿಲ್ಲದ ಮನೆಗೆ ಮಾಡು ಹಾಕಿದಂತೆ.

ಕಾಕ್ಸ್‌ಹೆಡ್ ಆಯ್ದ ಮೊದಲ ಗುಂಪನ್ನು ನೋಡಿದರೆ ನಮಗೆ ಆಶ್ಚರ್ಯವಾಗುತ್ತದೆ. ಪಾಲಿಸಿ, ಇನ್‌ಕಮ್, ಪೀರಿಯಡ್, ಸೆಕ್ಷನ್, ಫೈನಾನ್ಸ್, ಫಾರ್ಮುಲಾ, ಲೇಬರ್ ಇವೆಲ್ಲ ಅಲ್ಲಿವೆ! ಇಂಗ್ಲಿಷ್ ಬಾರದ ಅಜ್ಜಿಯೂ ಇವನ್ನು ಆಡುತ್ತಾಳೆ. ಆದರೆ ಅವಳಿಗೆ ಪಾಲಿಸಿ ಎಂದರೆ ಜೀವವಿಮೆ, ಇನ್‌ಕಮ್ ಎಂದರೆ ವಿಲೇಜ್ ಆಫೀಸಿನ ಸರ್ಟಿಫಿಕೇಟು, ಪೀರಿಯಡ್ ಎಂದರೆ ಶಾಲೆಯ ಗಂಟೆ. ಶಬ್ದ ಮನೆಯೊಳಗಿದೆ, ಅರ್ಥದ ಒಂದು ಬಾಗಿಲು ಮಾತ್ರ ತೆರೆದಿದೆ. ಪಾಲಿಸಿಗೆ ಸರಕಾರದ ನೀತಿಯೆಂದೂ, ಪೀರಿಯಡ್‌ಗೆ ಕಾಲಾವಧಿಯೆಂದೂ ಅರ್ಥವನ್ನು ವಿಸ್ತರಿಸಿಕೊಟ್ಟರೆ ಮಗುವಿನ ಕೈಗೆ ಒಂದೇ ವಾರದಲ್ಲಿ ಇಪ್ಪತ್ತು ಶಬ್ದಗಳು ಬರುತ್ತವೆ.

ಉಳಿದ ಶಬ್ದಗಳಿಗೆ ಕೀಲಿಕೈ ನಮ್ಮ ವ್ಯಾಕರಣದಲ್ಲಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಫ್ರೆಂಚ್ ಶಬ್ದಗಳೂ, ಮುಂದೆ ಲ್ಯಾಟಿನಿನಿಂದ ನೇರವಾಗಿ ತಂದ ಶಬ್ದಗಳೂ ಇಂಗ್ಲಿಷಿನಲ್ಲಿ ತುಂಬಿಕೊಂಡವು. ಅಡುಗೆಮನೆಯ ಮಾತು ಹಳೆಯ ಇಂಗ್ಲಿಷಿನದಾಗಿ, ಶಾಸ್ತ್ರದ ಮಾತು ಬಹುಮಟ್ಟಿಗೆ ಲ್ಯಾಟಿನಿನದಾಗಿ ನಿಂತಿತು. ನಮ್ಮಲ್ಲಿಯೂ ಹಾಗೆಯೇ: ‘ಮಳೆ ಕಡಮೆಯಾಯಿತು’ ಎಂಬುದು ಜಗಲಿಯ ಮಾತು, ‘ವೃಷ್ಟಿಪ್ರಮಾಣ ಕುಂಠಿತವಾಯಿತು’ ಎಂಬುದು ವರದಿಯ ಮಾತು. ಕನ್ನಡವನ್ನು ಚೆನ್ನಾಗಿ ಓದಿದ ಮಗುವಿಗೆ ಈ ಎರಡು ಅಂತಸ್ತುಗಳ ಅರಿವು ಮೊದಲೇ ಇರುತ್ತದೆ. ಉಪಸರ್ಗದಿಂದ ಅರ್ಥ ತಿರುಗುವುದನ್ನೂ ಅದು ಕಲಿತಿದೆ. ಆಹಾರ, ವಿಹಾರ, ಪರಿಹಾರ, ಸಂಹಾರ ಎಲ್ಲಕ್ಕೂ ಧಾತು ಒಂದೇ. ಇಂಗ್ಲಿಷಿನ ‘ಡಿಕ್ಟ್’ ಎಂದರೆ ನುಡಿ. ಅದರಿಂದ ಶಾಲೆಯ ಡಿಕ್ಟೇಶನ್, ಮೇಜಿನ ಮೇಲಿನ ಡಿಕ್ಷನರಿ. ಮುಂಚಿತವಾಗಿ ನುಡಿದರೆ ಪ್ರಿಡಿಕ್ಟ್, ವಿರುದ್ಧವಾಗಿ ನುಡಿದರೆ ಕಾಂಟ್ರಡಿಕ್ಟ್. ‘ಪೋರ್ಟ್’ ಎಂದರೆ ಹೊರು: ಒಳಕ್ಕೆ ಇಂಪೋರ್ಟ್, ಹೊರಕ್ಕೆ ಎಕ್ಸ್‌ಪೋರ್ಟ್, ಆಚೆಗೆ ಟ್ರಾನ್ಸ್‌ಪೋರ್ಟ್. ಹೀಗೆ ಕುಟುಂಬ ಸಮೇತ ಕಲಿತ ಶಬ್ದ ಬೇಗ ಮರೆಯುವುದಿಲ್ಲ.

ಇನ್ನು ಸಂಗಡಿಗರ ಮಾತು. ನಮ್ಮ ‘ಮಾಡು’ ಎಂಬ ಕ್ರಿಯಾಪದ ಊಟಕ್ಕೂ ಸ್ನಾನಕ್ಕೂ ಕಳ್ಳತನಕ್ಕೂ ಸಂಶೋಧನೆಗೂ ಸಲ್ಲುತ್ತದೆ. ಇದನ್ನೇ ಇಂಗ್ಲಿಷಿಗೆ ಒಯ್ದು ಎಲ್ಲಕ್ಕೂ ‘ಡೂ’ ಎಂದು ಬರೆದರೆ ಎಡವಟ್ಟು. ಆದರೆ ಗ್ರಂಥಸ್ಥ ಕನ್ನಡದಲ್ಲಿ ಸಂಶೋಧನೆಯನ್ನು ನಡೆಸುತ್ತೇವೆ, ಪಾತ್ರವನ್ನು ವಹಿಸುತ್ತೇವೆ, ಅಪರಾಧವನ್ನು ಎಸಗುತ್ತೇವೆ. ಇಂಗ್ಲಿಷಿನಲ್ಲಿಯೂ ರಿಸರ್ಚನ್ನು ಕಂಡಕ್ಟ್ ಮಾಡಬೇಕು, ರೋಲನ್ನು ಪ್ಲೇ ಮಾಡಬೇಕು, ಕ್ರೈಮನ್ನು ಕಮಿಟ್ ಮಾಡಬೇಕು. ಒಳ್ಳೆಯ ಕನ್ನಡವನ್ನು ನೆನೆದರೆ ಒಳ್ಳೆಯ ಇಂಗ್ಲಿಷ್ ಹತ್ತಿರವಾಗುತ್ತದೆ. ‘ಡಿಸ್ಕಸ್ ಅಬೌಟ್’ ಎಂಬ ನಮ್ಮವರ ಸಾಮಾನ್ಯ ತಪ್ಪೂ ಹಾಗೆಯೇ: ‘ವಿಷಯದ ಬಗ್ಗೆ ಚರ್ಚಿಸು’ ಎಂಬುದನ್ನು ಬಿಟ್ಟು ‘ವಿಷಯವನ್ನು ಚರ್ಚಿಸು’ ಎಂದು ನೆನೆದುಕೊಂಡರೆ ‘ಅಬೌಟ್’ ತಾನೇ ಉದುರಿಹೋಗುತ್ತದೆ.

ಪರ್ಯಾಯಪದಗಳ ಕೋಶವನ್ನು ತೆರೆದು ಸುಲಭ ಶಬ್ದವನ್ನು ತೆಗೆದು ಕಷ್ಟ ಶಬ್ದವನ್ನು ಇಡುವ ಚಪಲ ಮಾತ್ರ ಅಪಾಯಕರ. ನೀರು, ಜಲ, ಉದಕ, ತೀರ್ಥ ಎಲ್ಲವೂ ಒಂದೇ ಎಂದು ‘ಸ್ನಾನಕ್ಕೆ ತೀರ್ಥ ಕಾಯಿಸಿದೆ’ ಎಂದರೆ ಯಾರು ನಗುವುದಿಲ್ಲ? ಮುದುಕರಿಗೆ ‘ಏನ್ಶಿಯೆಂಟ್’ ಎಂದು ಬರೆದವರನ್ನು ಕಂಡು ಪರೀಕ್ಷಕರೂ ಹಾಗೆಯೇ ನಗುತ್ತಾರೆ. ಶಬ್ದ ಊರು ಬದಲಿಸಿದರೆ ಅರ್ಥವೂ ಬದಲಾಗುವುದೆಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಕನ್ನಡದಲ್ಲಿ ಅವಕಾಶವೆಂದರೆ ಸಂದರ್ಭ, ಮಲಯಾಳದಲ್ಲಿ ಹಕ್ಕು. ನಮ್ಮ ಉಪನ್ಯಾಸ ಭಾಷಣ, ಅವರ ಉಪನ್ಯಾಸ ಪ್ರಬಂಧ. ನಮ್ಮ ಅನುವಾದ ಭಾಷಾಂತರ, ಅವರದು ಅನುಮತಿ. ಗಡಿನಾಡಿನ ಮಗು ಪ್ರತಿದಿನವೂ ಮಾಡುವ ಈ ಎಚ್ಚರಿಕೆಯ ಅಭ್ಯಾಸವೇ ಇಂಗ್ಲಿಷ್ ಕೋಶದ ಮುಂದೆಯೂ ಬೇಕಾದದ್ದು.

ಮನೆಯಲ್ಲಿ ಮಾಡಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಇನ್ನೂರು ಪುಟದ ಒಂದು ನೋಟ್‌ಪುಸ್ತಕ ಸಾಕು. ದಿನಕ್ಕೆ ಐದು ಶಬ್ದಗಳಿಗಿಂತ ಹೆಚ್ಚು ಬೇಡ. ಪ್ರತಿಯೊಂದರ ಕೆಳಗೆ ಅದರ ಕುಟುಂಬ, ಸಂಗಡಿಗ, ಸ್ವಂತದ್ದಾದ ಒಂದು ವಾಕ್ಯ, ಹೊಂದುವ ಗ್ರಂಥಸ್ಥ ಕನ್ನಡ ಶಬ್ದ. ಮರುದಿನ ಕನ್ನಡವನ್ನು ಮಾತ್ರ ತೋರಿಸಿ ಇಂಗ್ಲಿಷನ್ನು ಬಾಯಿಂದ ಹೊರಡಿಸಬೇಕು. ಓದಿದಾಗ ಗುರುತು ಸಿಕ್ಕುವ ಶಬ್ದ ಬರೆಯುವಾಗ ಕೈಗೆ ಬರುತ್ತದೆಂದು ನಂಬುವಂತಿಲ್ಲ. ವಾರಕ್ಕೊಮ್ಮೆ, ಪತ್ರಿಕೆಯಲ್ಲಿ ಬರುವ ಅಡಕೆ ಧಾರಣೆಯನ್ನು ಹಲವು ವಾರಗಳಿಂದ ಬರೆದಿಟ್ಟು ನಕ್ಷೆಯನ್ನು ಎಳೆಸಿ, ಏರಿದ್ದನ್ನು, ಇಳಿದದ್ದನ್ನು, ಸ್ಥಿರವಾಗಿ ನಿಂತದ್ದನ್ನು 150 ಶಬ್ದಗಳ ಇಂಗ್ಲಿಷಿನಲ್ಲಿ ಬರೆಸಿರಿ. ಬೆಲೆ ಏಕೆ ಇಳಿಯಿತೆಂಬ ಚರ್ಚೆ ಅಪ್ಪನಿಗಿರಲಿ, ಪರೀಕ್ಷೆಗೆ ಅದು ಬೇಡ. ಗಡಿಯಾರವನ್ನು ಎದುರಿಗಿಟ್ಟು, ಇಪ್ಪತ್ತು ನಿಮಿಷವಾದೊಡನೆ, ವಾಕ್ಯ ಅರ್ಧದಲ್ಲಿದ್ದರೂ ಸರಿ, ಲೇಖನಿಯನ್ನು ಕೆಳಗಿಡಿಸಬೇಕು.