ಆಟ ತಡವರಿಸಿದ್ದು ಏಕೆ?

ನಾವು ನಾಲ್ವರು ಆಡುವ ಮೈನ್‌ಕ್ರಾಫ್ಟ್ ಆಟದ ಲೆಕ್ಕವನ್ನೆಲ್ಲ ನಮ್ಮನೆಯ ಹಳೇ ಕಂಪ್ಯೂಟರ್ ಮಾಡುತ್ತದೆ. ಅದಕ್ಕೆ ಸರ್ವರ್ ಅಂತಾರೆ. ಹೋದ ತಿಂಗಳು ಆಟ ತಡವರಿಸತೊಡಗಿತು. ‘ನೆಟ್ ಸಾಲದು, ದೊಡ್ಡ ಪ್ಲಾನ್ ಹಾಕಿಸಿ’ ಎಂದು ಅಪ್ಪನಿಗೆ ಗಂಟುಬಿದ್ದೆ. ಅಪ್ಪ ಹಾಲಿನ ದುಡ್ಡು ತೆಗೆದಿಟ್ಟರು.

ಅಣ್ಣ, ‘ತಡಿಯೋ, ಮೊದಲು ಕಾರಣ ನೋಡೋಣ’ ಅಂದ. ಹೊರಗಿನ ನೆಟ್ ದಾರಿ ಬಿಟ್ಟು, ಮನೆಯೊಳಗೇ ಇನ್ನೊಂದು ಕಂಪ್ಯೂಟರಿಗೆ ವೈರ್ ಜೋಡಿಸಿ ಆಡಿದೆವು. ಆಗಲೂ ತಡವರಿಸಿತು! ಹಾಗಾದರೆ ತಪ್ಪು ನೆಟ್‌ನದಲ್ಲ. ಸರ್ವರ್ ಸೆಕೆಂಡಿಗೆ 20 ಸಲ ಲೆಕ್ಕ ಮಾಡಬೇಕು, ಒಂದೊಂದಕ್ಕೆ 50 ಮಿಲಿಸೆಕೆಂಡು. ನಮ್ಮದು 11 ಸಲ ಮಾತ್ರ ಮಾಡುತ್ತಿತ್ತು. ಏಕೆಂದರೆ ಆಟದಲ್ಲಿ ನಾನು ನೂರಾರು ಕೋಳಿ ಸಾಕಿದ್ದೆ! ಒಂದೊಂದು ಕೋಳಿಯ ನಡಿಗೆಯನ್ನೂ ಅದು ಲೆಕ್ಕ ಹಾಕಬೇಕು. ಕೋಳಿ ಕಡಿಮೆ ಮಾಡಿದೆ, ಲೆಕ್ಕ 20ಕ್ಕೆ ಬಂತು. ಅಪ್ಪನ ದುಡ್ಡು ಉಳಿಯಿತು.

ಗೆಳೆಯರೇ, ಕಾರಣ ಹುಡುಕದೆ ದುಡ್ಡು ಸುರಿಯಬೇಡಿ.